ಎಳ್ಳಮಾವಾಸ್ಯೆಯಿಂದ ಹಸ್ತ ಮಳೆಯವರೆಗೆ: ಎರೆಸೀಮೆಯ ಗರ್ಭಿಣಿಯರೊಡನೆ ನನ್ನ ಅನುಭವ

ರೋಣ ತಾಲ್ಲೂಕಿನ ಎರೆಸೀಮೆಯ, ಅಂದರೆ ಕಪ್ಪು ಮಣ್ಣಿನ ಸೀಮೆಯ, ಆರೋಗ್ಯ ಉಪಕೇಂದ್ರವೊಂದರಲ್ಲಿ ಕಿರಿಯ ಆರೋಗ್ಯ ಸಹಾಯಕಿಯಾಗಿರುವ ನನಗೆ, ಗರ್ಭಿಣಿಯ ಮನೆಯಿಂದ ಆಸ್ಪತ್ರೆ ಎಷ್ಟು ದೂರ ಎಂಬುದನ್ನು ಮಳೆಯೇ ತೀರ್ಮಾನಿಸುತ್ತದೆ. ಬೇಸಿಗೆಯಲ್ಲಿ 108 ವಾಹನ ಅಂಗಳಕ್ಕೇ ಬರುತ್ತದೆ. ಬೆಣ್ಣೆಹಳ್ಳ ತುಂಬಿ ಎರೆ ಹಸಿಯಾಯಿತೆಂದರೆ ಹೊಲದ ಮನೆಗಳಿಂದ ಡಾಂಬರು ರಸ್ತೆಯವರೆಗೆ ಟ್ರ್ಯಾಕ್ಟರ್ ಒಂದೇ ಗತಿ. ಹೆರಿಗೆಯ ನಂತರ ವಿಪರೀತ ರಕ್ತಸ್ರಾವವಾದರೆ ಎರಡು ತಾಸಿನೊಳಗೆ ಜೀವ ಹೋಗಬಹುದಾದ್ದರಿಂದ, ಯಾರ ಹೆರಿಗೆ ಯಾವ ಮಳೆಯಲ್ಲಿ ಬೀಳುತ್ತದೆ ಎಂಬುದನ್ನು ನಾನೂ ಆಶಾ ಕಾರ್ಯಕರ್ತೆಯರೂ ಮೊದಲೇ ಲೆಕ್ಕ ಹಾಕಿ ಇಟ್ಟುಕೊಳ್ಳುತ್ತೇವೆ.

ಕೊನೆಯ ಮುಟ್ಟಿನ ಮೊದಲ ದಿನಕ್ಕೆ 280 ದಿನ ಕೂಡಿಸಿದರೆ ಹೆರಿಗೆಯ ಅಂದಾಜು ದಿನ ಸಿಗುತ್ತದೆ. ಆದರೆ ತಾರೀಖು ಕೇಳಿದರೆ ಸುಮ್ಮನಾಗುವವರು ಹಬ್ಬ ಕೇಳಿದರೆ ತಟ್ಟನೆ ಹೇಳುತ್ತಾರೆ. ‘ಎಳ್ಳಮಾಸಿಗೆ ಚರಗ ಚೆಲ್ಲಾಕ ಹೊಲಕ್ಕ ಹೋಗಲಿಲ್ರೀ ಸಿಸ್ಟರ, ಅವತ್ತ ಹೊರಗಾಗಿದ್ದೆ’ ಎಂದಳು ಒಬ್ಬಾಕೆ. ಚರಗವೆಂದರೆ ಹಬ್ಬದ ದಿನ ಎಡೆಯಾಗಿ ಹೊಲದಲ್ಲಿ ಚೆಲ್ಲುವ ಅಡಿಗೆ. ಮಡಿ-ಮೈಲಿಗೆಯ ಬಗ್ಗೆ ನನಗೆ ತಕರಾರಿದ್ದರೂ, ತಪ್ಪಿಹೋದ ಹಬ್ಬದ ನೆನಪು ಮಾತ್ರ ಗಟ್ಟಿಯಾದುದು. ಕ್ಯಾಲೆಂಡರಿನ ಹಾಳೆ ತಿರುವಿದಾಗ ಆಕೆಯ ದಿನ ಅಕ್ಟೋಬರಿನಲ್ಲಿ, ಹಸ್ತ ಮಳೆಯ ಹೊತ್ತಿಗೆ ಬಂದಿತು. ಆಗ ಹಿಂಗಾರಿ ಜೋಳ, ಕಡಲೆಯ ಬಿತ್ತನೆ ನಡೆದಿರುವುದರಿಂದ ಟ್ರ್ಯಾಕ್ಟರ್ ಕೂಡ ಹೊಲದಲ್ಲಿರುತ್ತದೆ. ಹೀಗಾಗಿ ಗರ್ಭಿಣಿಯ ತಪಾಸಣೆಯ ವಿವರ ಬರೆಯುವ ತಾಯಿ ಕಾರ್ಡಿನ ಹಿಂಬದಿಯಲ್ಲಿ ಇಬ್ಬರು ಟ್ರ್ಯಾಕ್ಟರಿನವರ ಫೋನ್ ನಂಬರ್ ಬರೆಸಿ, ದಿನ ಹತ್ತಿರವಾದಾಗ ರಸ್ತೆಬದಿಯ ಊರಿನಲ್ಲಿದ್ದ ಆಕೆಯ ಚಿಕ್ಕಮ್ಮನ ಮನೆಯಲ್ಲಿ ಇರಲು ಒಪ್ಪಿಸಿದೆವು.

ಚೊಚ್ಚಲ ಹೆರಿಗೆಯಲ್ಲಿ ತವರಿಗೆ ಹೋಗುವ ವಾಡಿಕೆಯಿದೆ. ಕುಬಸದ (ಸೀಮಂತದ) ದಿನವೇ ತವರಿನ ಊರು ಕೇಳಿಕೊಂಡು ಅಲ್ಲಿನ ಸಿಸ್ಟರಿಗೆ ಫೋನ್ ಮಾಡುತ್ತೇನೆ. ಹೆಚ್ಚು ಕಾಳಜಿ ಬೇಕಾಗುವುದು ಎರಡನೆಯ, ಮೂರನೆಯ ಹೆರಿಗೆಯವರಿಗೆ, ಏಕೆಂದರೆ ‘ಮೊದಲನೇದು ಸಲೀಸ ಆಗೇತಿ’ ಎಂಬ ಧೈರ್ಯದಲ್ಲಿ ಮನೆಯವರು ಕೊನೆಯ ಗಳಿಗೆಯವರೆಗೂ ಕಾಯುತ್ತಾರೆ.

ಕಬ್ಬಿಣಾಂಶದ ಮಾತ್ರೆ ನುಂಗಿದರೆ ಕೂಸು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ಅಂಜಿಕೆ ಅತ್ತೆಯಂದಿರಲ್ಲಿ ಇನ್ನೂ ಇದೆ. ಸೊಸೆಗೆ ಎಷ್ಟು ತಿಳಿಹೇಳಿದರೂ ಮಾತ್ರೆ ಡಬ್ಬಿಯಲ್ಲೇ ಉಳಿಯುತ್ತದೆಯಾದ್ದರಿಂದ, ಅತ್ತೆಯ ಎದುರಿನಲ್ಲೇ ರಕ್ತ ಪರೀಕ್ಷಿಸಿ, ಹಿಮೋಗ್ಲೋಬಿನ್ 11 ಇರಬೇಕಾದಲ್ಲಿ ಎಷ್ಟಿದೆ ಎಂದು ತೋರಿಸುತ್ತೇನೆ. ಮಾತ್ರೆಯನ್ನು ಚಹಾದ ಜೊತೆಗಾಗಲಿ ಕ್ಯಾಲ್ಸಿಯಂ ಮಾತ್ರೆಯ ಜೊತೆಗಾಗಲಿ ತೆಗೆದುಕೊಳ್ಳದೆ, ರಾತ್ರಿ ಊಟದ ನಂತರ ನುಂಗುವಂತೆ ಹೇಳಿ, ಆ ಜವಾಬ್ದಾರಿಯನ್ನು ಅತ್ತೆಗೇ ಒಪ್ಪಿಸುತ್ತೇನೆ. ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿದ್ದರೆ ಮನೆಯ ಉಪಾಯ ಸಾಲದು, ದೊಡ್ಡ ಆಸ್ಪತ್ರೆಗೇ ಕಳಿಸಬೇಕು. ರಕ್ತದೊತ್ತಡ 140/90 ಮುಟ್ಟಿದವರನ್ನು ತಡಮಾಡದೆ ವೈದ್ಯರ ಬಳಿ ಕಳಿಸುತ್ತೇವೆ. ಉಳಿದವರನ್ನು ಪ್ರತಿ ತಿಂಗಳ 9ರಂದು ನಡೆಯುವ ಉಚಿತ ತಪಾಸಣೆಗೆ ಕರೆದೊಯ್ಯುತ್ತೇವೆ.

ಗೋವಾಕ್ಕೆ ದುಡಿಯಲು ಹೋಗುವ ಕುಟುಂಬಗಳ ಮಟ್ಟಿಗೆ ಈ ಏರ್ಪಾಡು ಅರ್ಧಕ್ಕೇ ನಿಲ್ಲುತ್ತದೆ. ಅವರು ತಾಯಿ ಕಾರ್ಡನ್ನು ಟ್ರಂಕಿನಲ್ಲಿಟ್ಟು ಹೋಗುವುದುಂಟು. ಆದಕಾರಣ ಕಾರ್ಡಿನ ಎರಡೂ ಬದಿಯ ಫೋಟೊ ತೆಗೆದು ಗಂಡನ ಫೋನಿಗೆ ಕಳಿಸಿದ ಮೇಲೆಯೇ ಆಶಾ ಕಾರ್ಯಕರ್ತೆ ಅವರನ್ನು ಬೀಳ್ಕೊಡುತ್ತಾಳೆ.