ಹುಳದ ಕಣ್ಣು ಫೋಕಸ್ ಆಗಬೇಕೇ? ಪರದೆ ಕುಟ್ಟುವುದನ್ನು ಬಿಡಿ

ಮೊಬೈಲಿನಲ್ಲಿ ಹುಳುಗಳ ಫೋಟೊ ತೆಗೆಯಲು ಹೊರಟವರು ಎಡವುವುದು ಒಂದೇ ಕಡೆ, ಫೋಕಸ್‌ನಲ್ಲಿ. ಪರದೆ ಮೇಲೆ ಬೆರಳಿನಿಂದ ಕುಟ್ಟುತ್ತಲೇ ಇರುತ್ತಾರೆ, ಅಷ್ಟರಲ್ಲಿ ಹುಳ ಹಾರಿ ಹೋಗಿರುತ್ತದೆ. ಉಳಿದದ್ದನ್ನು ಬೇಗ ಮುಗಿಸಿ ಅಲ್ಲಿಗೇ ಬರೋಣ.

ಮೊದಲು ಲೆನ್ಸ್. ಫೋನಿನಲ್ಲಿ 2 ಮೆಗಾಪಿಕ್ಸೆಲ್‌ನ ‘ಮ್ಯಾಕ್ರೊ ಕ್ಯಾಮೆರಾ’ (ತೀರಾ ಹತ್ತಿರದಿಂದ ತೆಗೆಯಲು ಇರುವುದು) ಅಂತ ಒಂದಿದ್ದರೆ ಅದನ್ನು ಮರೆತುಬಿಡಿ. ಮುಖ್ಯ ಕ್ಯಾಮೆರಾಗೆ ಸಿಕ್ಕಿಸುವ, ಭೂತಗನ್ನಡಿಯಂಥ ಕ್ಲಿಪ್ ಲೆನ್ಸೇ ವಾಸಿ. ಕವರ್ ತೆಗೆದು ಸಿಕ್ಕಿಸಿ, ಸ್ವಲ್ಪ ಸರಿದರೂ ಚಿತ್ರದ ಒಂದು ಮೂಲೆ ಕಪ್ಪಾಗುತ್ತದೆ. ಕೆಲವು ಫೋನುಗಳು ಹತ್ತಿರ ಹೋದ ಕೂಡಲೇ ನಮ್ಮನ್ನು ಕೇಳದೆ ಪಕ್ಕದ ಅಲ್ಟ್ರಾವೈಡ್ (ಅಗಲ ನೋಟದ) ಕ್ಯಾಮೆರಾಗೆ ಬದಲಾಗುತ್ತವೆ, ಆಗ ಸಿಕ್ಕಿಸಿದ ಲೆನ್ಸ್ ಸುಮ್ನೆ ಕೂತಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆಟೊ ಮ್ಯಾಕ್ರೊ ಆಫ್ ಮಾಡಿ. ಲೆನ್ಸ್ ಬದಲು ನೀರಿನ ಹನಿ ಇಡುವ ಉಪಾಯವನ್ನೂ ಮಾಡಿ ನೋಡಿದ್ದೇನೆ. ಫೋಟೊಗಿಂತ ಫೋನ್ ಒರೆಸಿದ್ದೇ ಜಾಸ್ತಿ.

ಬೆಳಗ್ಗೆ ಬಿಸಿಲೇರುವ ಮುಂಚೆ ಹೋಗಿ. ಮೈ ತಣ್ಣಗಿರುವ ಹುಳಕ್ಕೆ ಥಟ್ಟನೆ ಹಾರಲು ಆಗುವುದಿಲ್ಲ.

ಈಗ ಫೋಕಸ್. ಇಷ್ಟು ಹತ್ತಿರದಲ್ಲಿ ಸ್ಪಷ್ಟವಾಗಿ ಬೀಳುವುದು ಒಂದೆರಡು ಮಿಲಿಮೀಟರ್ ಆಳ, ಎಷ್ಟೋ ಸಲ ಅಷ್ಟೂ ಇಲ್ಲ. ಮೀಸೆ ಚೆನ್ನಾಗಿ ಬಂದರೆ ಕಣ್ಣು ಮಸುಕು. ಆಟೊಫೋಕಸ್ ಇಲ್ಲಿ ತಡಕಾಡುತ್ತದೆ. ಅದಕ್ಕೇ ಮೊದಲು ಪಕ್ಕದ ಎಲೆಯೊಂದನ್ನು ನೋಡುತ್ತಾ ಪರದೆ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿಕೊಳ್ಳಿ, ಅಂದರೆ ಫೋಕಸ್ ಆ ದೂರಕ್ಕೇ ನಿಂತುಬಿಡಲಿ. ಅಲ್ಲಿಂದ ಮುಂದೆ ಪರದೆ ಮುಟ್ಟುವ ಹಾಗಿಲ್ಲ, ಕ್ಲಿಕ್ ಕೂಡ ವಾಲ್ಯೂಮ್ ಬಟನ್‌ನಿಂದಲೇ. ಕುಕ್ಕರುಗಾಲಲ್ಲಿ ಕೂತು ಮೊಣಕೈಯನ್ನು ಮೊಣಕಾಲಿಗೆ ಊರಿ, ಎಡಗೈಯಲ್ಲಿ ಹುಳ ಕೂತ ಕಡ್ಡಿಯನ್ನು ಹಿಡಿದು ಅದೇ ಕೈಯನ್ನು ಫೋನಿಗೆ ತಾಗಿಸಿ. ಗಾಳಿ ಬಂದರೂ ಹುಳ, ಫೋನು ಎರಡೂ ಒಟ್ಟಿಗೆ ಅಲ್ಲಾಡುತ್ತವೆ. (ಜೇನುನೊಣವಾದರೆ ಕಡ್ಡಿಯನ್ನು ಸ್ವಲ್ಪ ಕೆಳಗೇ ಹಿಡಿಯಿರಿ.) ಆಮೇಲೆ ಉಸಿರು ಬಿಡುತ್ತಾ ಮೈಯನ್ನೇ ನಿಧಾನಕ್ಕೆ ಮುಂದಕ್ಕೆ ವಾಲಿಸಿ. ಮೊದಲು ಮೀಸೆಯ ತುದಿ ಕಾಣುತ್ತದೆ, ಆಮೇಲೆ ಹಣೆಯ ರೋಮ, ಅದಕ್ಕಂಟಿದ ಪರಾಗದ ಪುಡಿ, ಕೊನೆಗೆ ಕಣ್ಣಿನ ಸಣ್ಣ ಜಾಲರಿ. ಕಣ್ಣು ಬರುವ ಮುಂಚೆಯೇ ಬರ್ಸ್ಟ್ (ಒಂದರ ಹಿಂದೊಂದು ಪಟಪಟ ಫೋಟೊ) ಶುರುವಾಗಿರಬೇಕು, ದಾಟಿದ ಮೇಲೂ ಒಂದು ಕ್ಷಣ ಬಿಡಬೇಡಿ. ನನಗೆ 30ರಲ್ಲಿ ಒಂದು ಸಿಕ್ಕರೆ ಆ ದಿನ ಖುಷಿ.

ಡಿಜಿಟಲ್ ಝೂಮ್ ಬೇಡವೇ ಬೇಡ. ಫ್ಲಾಶ್ ಕೂಡ ಬೇಡ, ದುಂಬಿಯ ಬೆನ್ನಿನ ಮೇಲೆ ಬಿಳಿ ಚುಕ್ಕಿ ಬೀಳುತ್ತದೆ. ಬಿಸಿಲು ಜೋರಾಗಿದ್ದರೆ ಟಿಶ್ಯೂ ಕಾಗದ ಅಡ್ಡ ಹಿಡಿದರೆ ಸಾಕು. ರೆಕ್ಕೆ ಮಡಚಿ ಕೂತ ಚಿಟ್ಟೆಗೆ ಫೋನನ್ನು ರೆಕ್ಕೆಗೆ ಸಮಾನಾಂತರವಾಗಿ ಹಿಡಿಯಿರಿ, ಪೂರ್ತಿ ರೆಕ್ಕೆ ಒಂದೇ ಏಟಿಗೆ ಸ್ಪಷ್ಟವಾಗಿ ಬರುತ್ತದೆ.

ಅಲ್ಲಾಡದಿರಲಿ ಅಂತ ಹುಳವನ್ನು ಫ್ರಿಜ್‌ನಲ್ಲಿಟ್ಟು ಫೋಟೊ ತೆಗೆಯುವವರೂ ಇದ್ದಾರೆ. ದಯವಿಟ್ಟು ಬೇಡ, ಬೆಳಗ್ಗೆ ಬೇಗ ಏಳಲು ಇಷ್ಟೊಂದು ಸೋಮಾರಿತನವೇ?

ಎಡಿಟಿಂಗ್‌ನಲ್ಲಿ ಸ್ವಲ್ಪ ಕ್ರಾಪ್ ಮಾಡಿ ಬಿಟ್ಟುಬಿಡಿ. ಶಾರ್ಪ್‌ನೆಸ್ ಏರಿಸಿದರೆ ಜೇನಿನ ಮೆತ್ತನೆ ರೋಮವೆಲ್ಲ ಪಾತ್ರೆ ಉಜ್ಜುವ ತಂತಿಯ ಥರ ಕಾಣುತ್ತದೆ.