ಮುಂಬೈ ಮಳೆಗಾಲದಲ್ಲಿ ಮೈಕ್ರೋವೇವ್: ನಾನು ಒಣಗಿಸುವ ಬಗೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬೈ ಫ್ಲ್ಯಾಟುಗಳಲ್ಲಿ ಏನನ್ನೂ ಬಿಸಿಲಿಗೆ ಹಾಕುವ ಹಾಗಿಲ್ಲ. ರವೆಗೆ ಹುಳ ಬೀಳುತ್ತದೆ, ಉಪ್ಪು ನೀರೊಡೆಯುತ್ತದೆ, ಅವಲಕ್ಕಿ ಚೂಡಾ ಮೆತ್ತಗಾಗುತ್ತದೆ. ಅನ್ನ-ಸಾರು ಬಿಸಿ ಮಾಡಲೆಂದು ತಂದ 20 ಲೀಟರಿನ ಸಾದಾ ಮೈಕ್ರೋವೇವನ್ನು ಈ ನಾಲ್ಕು ತಿಂಗಳು ನಾನು ಹೆಚ್ಚಾಗಿ ಬಳಸುವುದು ಒಣಗಿಸಲಿಕ್ಕೆ.

ಮೊದಲು ನಿಮ್ಮ ಓವನ್ನಿನ ನಿಜವಾದ ಶಕ್ತಿ ತಿಳಿದುಕೊಳ್ಳಿ. ಹಿಂಬದಿಯ ಚೀಟಿಯಲ್ಲಿ 1200 ವ್ಯಾಟ್ ಎಂದಿದ್ದರೆ ಅದು ಕರೆಂಟು ಎಳೆಯುವ ಲೆಕ್ಕ ಇರಬಹುದು, ಅಡುಗೆಗೆ ಸಿಗುವುದಲ್ಲ. ಒಂದು ಲೀಟರ್ ನೀರಿನ ಉಷ್ಣತೆ ನೋಡಿ, ಪೂರ್ತಿ ಪವರ್‌ನಲ್ಲಿ ಸರಿಯಾಗಿ 2 ನಿಮಿಷ ಇಟ್ಟು, ಕಲಕಿ, ಮತ್ತೆ ನೋಡಿ. ಎಷ್ಟು ಡಿಗ್ರಿ ಸೆಲ್ಸಿಯಸ್ ಏರಿತೋ ಅದನ್ನು 35ರಿಂದ ಗುಣಿಸಿದರೆ ವ್ಯಾಟ್ ಹೆಚ್ಚುಕಡಿಮೆ ಸಿಗುತ್ತದೆ. 20 ಡಿಗ್ರಿ ಏರಿದರೆ 700. ಇಲ್ಲಿ ಹೇಳುವ ಹೊತ್ತೆಲ್ಲ 800 ವ್ಯಾಟಿನದು. ನಿಮ್ಮದು ಕಡಿಮೆಯಿದ್ದರೆ ಸ್ವಲ್ಪ ಹೆಚ್ಚು ಹೊತ್ತು ಬೇಕು.

ಕರಿಬೇವಿನಿಂದ ಶುರುಮಾಡುವುದು ಒಳ್ಳೆಯದು. ಕೊತ್ತಂಬರಿ ಜೊತೆ ಭಾಜಿವಾಲಾ ಕೊಡುವ ಕಡಿಪತ್ತಾ ಮಳೆಗಾಲದಲ್ಲಿ ಫ್ರಿಜ್ಜಿನಲ್ಲೂ ಬೇಗ ಕಪ್ಪಾಗುತ್ತದೆ. ತೊಳೆದು, ಬಟ್ಟೆಯಲ್ಲಿ ಒತ್ತಿ ನೀರು ತೆಗೆದು, ಎಲೆ ಬಿಡಿಸಿ. ಪಿಂಗಾಣಿ ತಟ್ಟೆಯ ಮೇಲೆ ತೆಳು ಹತ್ತಿ ಬಟ್ಟೆ ಹಾಸಿ ಒಂದೇ ಪದರವಾಗಿ ಹರಡಿ. ನ್ಯೂಸ್‌ಪೇಪರ್ ಬೇಡ, ಶಾಯಿ ಎಲೆಗೆ ಹತ್ತುತ್ತದೆ, ಕಾಗದ ಹೊತ್ತಿಕೊಳ್ಳಲೂಬಹುದು. 1 ನಿಮಿಷ ಇಟ್ಟು ಬಾಗಿಲು ತೆರೆಯಿರಿ. ಎಲ್ಲರೂ ತಪ್ಪುವುದು ಇಲ್ಲೇ: ಅಲೆಗಳು ಎಲೆಯೊಳಗಿನ ನೀರನ್ನು ಆವಿ ಮಾಡಿಯಾವು, ಆದರೆ ಬಾಗಿಲು ತೆರೆಯದಿದ್ದರೆ ಆ ಆವಿಯಲ್ಲೇ ಎಲೆ ಬೇಯುತ್ತದೆ. ಒಳಗೋಡೆಯ ಪಸೆ ಒರೆಸಿ, ಎಲೆ ತಿರುವಿ, 30 ಸೆಕೆಂಡ್. ಆಮೇಲೆ 15-15 ಸೆಕೆಂಡ್. ಒಟ್ಟು ಎರಡು, ಎರಡೂವರೆ ನಿಮಿಷದಲ್ಲಿ ಮುಗಿಯುತ್ತದೆ. ಬಿಸಿಯಾಗಿದ್ದಾಗ ಎಲೆ ಸ್ವಲ್ಪ ಮೆತ್ತಗಿದ್ದರೂ ಆರಿದ ಮೇಲೆ ಪುಡಿಯಾಗಬೇಕು. ಹತ್ತೇ ಹತ್ತು ಎಲೆ ಇಡಬೇಡಿ; ಅಷ್ಟರಲ್ಲಿ ನೀರೇ ಇರುವುದಿಲ್ಲ, ಸುಟ್ಟು ಕಿಡಿ ಬರುತ್ತದೆ. ಆರಿದ ತಕ್ಷಣ ಬಾಟಲಿಗೆ ಹಾಕಿ ಮುಚ್ಚಳ ಬಿಗಿ ಮಾಡಿ. ತಟ್ಟೆಯಲ್ಲೇ ಮರೆತರೆ ಮುಂಬೈ ಗಾಳಿ ತೆಗೆದ ನೀರನ್ನೆಲ್ಲ ವಾಪಸ್ಸು ಕೊಡುತ್ತದೆ.

ರವೆಯ ಕಥೆ ಬೇರೆ. ಒಂದು ಸಲಕ್ಕೆ ಕಾಲು ಕಿಲೋ, ಅಗಲ ಗಾಜಿನ ಪಾತ್ರೆಯಲ್ಲಿ, ಮುಚ್ಚಳವಿಲ್ಲದೆ. 1 ನಿಮಿಷಕ್ಕೊಮ್ಮೆ ತಳದಿಂದ ಕೆದಕಿ ಮೂರು ಸಲ. ಅಲೆ ಎಲ್ಲ ಕಡೆ ಒಂದೇ ಸಮ ಬೀಳುವುದಿಲ್ಲ. ಕೆದಕದಿದ್ದರೆ ಒಂದು ಕಡೆ ಕಂದು, ಇನ್ನೊಂದು ಕಡೆ ಹುಳದ ಮೊಟ್ಟೆ ಹಾಗೇ. ಎಲ್ಲಿ ಮುಟ್ಟಿದರೂ ಕೈ ಸುಡುವಷ್ಟಾದರೆ ಸಾಕು. ಬಿಸಿ ರವೆಯನ್ನು ಡಬ್ಬಿಗೆ ತುಂಬಿದರೆ ಮುಚ್ಚಳದಲ್ಲಿ ಆವಿ ಹನಿಗಟ್ಟಿ ಕೆಳಗೆ ಬಿದ್ದು ಬೂಸು ಹಿಡಿಯುತ್ತದೆ. ಒಣ ಬಟ್ಟೆ ಮುಚ್ಚಿ ಪೂರ್ತಿ ತಣಿಯುವವರೆಗೆ ಕಾಯಿರಿ. ಇದು ಕೆಡದಂತೆ ಇಡುವ ಉಪಾಯ ಅಷ್ಟೇ. ಉಪ್ಪಿಟ್ಟಿನ ಘಮ ಬೇಕಿದ್ದರೆ ಬಾಣಲೆಯಲ್ಲೇ ಹುರಿಯಬೇಕು.

ಶೇಂಗಾ ಮಾತ್ರ ನನಗೆ ಬಾಣಲೆಗಿಂತ ಇದರಲ್ಲೇ ಇಷ್ಟ. ಒಂದು ಕಪ್ಪಿಗೆ 2 ನಿಮಿಷ, ಕಲಕಿ 1 ನಿಮಿಷ, ಮತ್ತೆ ಕಲಕಿ 30-30 ಸೆಕೆಂಡ್. ಹೊರಗೆ ಬಣ್ಣ ಬರುವವರೆಗೆ ಕಾದರೆ ಒಳಗೆ ಕರಕಲಾಗಿರುತ್ತದೆ, ಹಾಗಾಗಿ ಒಂದು ಕಾಳು ಒಡೆದು ನೋಡಿ. ತಿಳಿ ಹೊಂಬಣ್ಣಕ್ಕೆ ನಿಲ್ಲಿಸಿದರೆ ಉಳಿದದ್ದು ಅದರ ಶಾಖದಲ್ಲೇ ಆಗುತ್ತದೆ. ಮೆತ್ತಗಾದ ಚೂಡಾಕ್ಕೆ 30 ಸೆಕೆಂಡ್ ಸಾಕು, ಒಣದ್ರಾಕ್ಷಿ ಆರಿಸಿ ತೆಗೆದು. ಅದು ಮೊದಲು ಸುಡುತ್ತದೆ. ಒದ್ದೆ ಉಪ್ಪನ್ನು ತಟ್ಟೆಯಲ್ಲಿ ಹರಡಿ 1 ನಿಮಿಷ.

ತೆಂಗಿನಕಾಯಿಗೂ ಇದು ಉಪಯೋಗ. ಒಡೆದ ಹೋಳನ್ನು ಚಿಪ್ಪಿನ ಸಮೇತ 1ರಿಂದ ಒಂದೂವರೆ ನಿಮಿಷ ಇಟ್ಟು 5 ನಿಮಿಷ ಆರಲು ಬಿಡಿ. ಕಾಯಿ ಚಿಪ್ಪಿನಿಂದ ಸ್ವಲ್ಪ ಬಿಟ್ಟುಕೊಳ್ಳುತ್ತದೆ, ಚಾಕು ಹಾಕಿ ಮೀಟಿದರೆ ಏಳುತ್ತದೆ. ತುರಿಮಣೆಗೆ ಜಾಗವಿಲ್ಲದ ಅಡುಗೆಮನೆಗೆ ಇದು ದೊಡ್ಡ ಉಪಕಾರ, ಮಿಕ್ಸಿಗೆ ಹೆಚ್ಚಿ ಹಾಕಬಹುದು. ಇಡೀ ಕಾಯಿ ಇಡಲೇಬಾರದು, ಒಳಗಿನ ನೀರು ಆವಿಯಾಗಿ ಸಿಡಿಯುತ್ತದೆ.

ಕ್ಯಾಮೆರಾ ಡಬ್ಬಿಯಲ್ಲಿ ತೇವ ಹೀರಲೆಂದು ಇಡುವ ಸಿಲಿಕಾ ಜೆಲ್ ಮಣಿಗಳನ್ನೂ ಹೀಗೆ ಒಣಗಿಸಿ ಮತ್ತೆ ಬಳಸಬಹುದು. ಚೀಲದಿಂದ ತೆಗೆದು ಗಾಜಿನ ತಟ್ಟೆಯಲ್ಲಿ, ಡಿಫ್ರಾಸ್ಟ್ ಮಟ್ಟದಲ್ಲಿ 2-2 ನಿಮಿಷ, ಮೂಲ ಬಣ್ಣ ಬರುವವರೆಗೆ. ಪೂರ್ತಿ ಪವರ್ ಕೊಟ್ಟರೆ ಮಣಿ ಬಿರುಕು ಬಿಡುತ್ತದೆ. ನೀಲಿ ಮಣಿಯಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷಕಾರಿ ರಾಸಾಯನಿಕ ಇರುತ್ತದೆ; ಅದನ್ನು ಅಡುಗೆಯ ಓವನ್ನಿಗೆ ತರಲೇಬೇಡಿ, ಕೇಸರಿ ಮಣಿಗೂ ಬೇರೆ ತಟ್ಟೆ ಇಡಿ.

ಒಣಮೆಣಸಿನಕಾಯಿ ಇಡಬೇಡಿ, ಬಾಗಿಲು ತೆರೆದರೆ ಘಾಟು ಮನೆಯವರನ್ನೆಲ್ಲ ಕೆಮ್ಮಿಸುತ್ತದೆ. ಒದ್ದೆ ಸಾಕ್ಸ್ ಒಣಗಿಸಬಹುದೇ ಎಂದು ಪ್ರತಿ ಜುಲೈಯಲ್ಲೂ ಯಾರಾದರೂ ಕೇಳುತ್ತಾರೆ. ಅಂಚು ಒಣಗಿದ ಜಾಗದಲ್ಲಿ ಎಲಾಸ್ಟಿಕ್ ಕರಗಿ ಹೊಗೆ ಬರುವಾಗಲೂ ನಡುಭಾಗ ಒದ್ದೆಯಾಗೇ ಇರುತ್ತದೆ. ಅದಕ್ಕೆ ಇಸ್ತ್ರಿಪೆಟ್ಟಿಗೆಯೇ ಸರಿ.