ಬಾಯ್ಕಳಕದ ಕೊಕ್ಕು ನೋಡಿ ಗ್ರಾಸ್ಪರ್ ಮಾಡಿದ್ದು: ನನ್ನ ಅನುಭವ

ನಾನು ಡಾಕ್ಟರ್ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ನನ್ನದೊಂದು ಸಣ್ಣ ಟೂಲ್ ರೂಮ್ ಇದೆ. ಡೈ, ಜಿಗ್, ಫಿಕ್ಸ್ಚರ್, ಯಾರೋ ತಂದುಕೊಟ್ಟ ಮುರಿದ ಪಾರ್ಟು, ಬಂದ ಕೆಲಸ ಮಾಡುತ್ತೇವೆ. ಆಪರೇಷನ್ ಸಾಮಾನಿನ ಸಹವಾಸ ಶುರುವಾಗಿದ್ದು ರಿಪೇರಿಯಿಂದ. ಪರಿಚಯದ ಸರ್ಜನ್ ಒಬ್ಬರು ಲ್ಯಾಪ್ರೋಸ್ಕೋಪಿ ಗ್ರಾಸ್ಪರ್‌ಗಳನ್ನು ತರುತ್ತಿದ್ದರು. ಹೊಟ್ಟೆಗೆ ಸಣ್ಣ ತೂತು ಹಾಕಿ ಮಾಡುವ ಆಪರೇಷನ್ ಇದೆಯಲ್ಲ, ಅದರಲ್ಲಿ ಒಳಗಿನ ಭಾಗಗಳನ್ನು ಹಿಡಿದು ಎಳೆಯುವ ಉದ್ದನೆಯ ಇಕ್ಕಳ ಇದು. ಕೊಳವೆ 5 ಮಿಲಿಮೀಟರ್ ದಪ್ಪ, ತುದಿಯಲ್ಲಿ ಪುಟ್ಟ ದವಡೆ. ಪಿನ್ ಸಡಿಲವಾಗಿದೆ, ಹಲ್ಲು ಸವೆದಿದೆ ಎಂಬಂಥ ದೂರುಗಳೇ ಜಾಸ್ತಿ.

ಒಮ್ಮೆ ಡಾಕ್ಟ್ರು ಬೇರೆಯದೇ ದೂರು ಹೇಳಿದರು. "ಗಟ್ಟಿ ಹಿಡಿದ್ರೆ ಕರುಳು ನಲುಗುತ್ತೆ, ಮೆತ್ತಗೆ ಹಿಡಿದ್ರೆ ಜಾರುತ್ತೆ. ಇದಕ್ಕೇನಾದ್ರೂ ಮಾಡೋಕಾಗುತ್ತಾ ನೋಡಿ."

ತೊಂದರೆ ಎಲ್ಲಿದೆ ಅಂತ ದವಡೆಯನ್ನು ವೈಸ್‌ಗೆ ಕಟ್ಟಿ ನೋಡಿದರೆ ಗೊತ್ತಾಗುತ್ತದೆ. ಎರಡು ದವಡೆಯೂ ಒಂದು ಪಿನ್ ಸುತ್ತ ತಿರುಗುತ್ತವೆ, ಅಲ್ವಾ? ಮಧ್ಯೆ ದಪ್ಪನೆಯ ವಸ್ತು ಸಿಕ್ಕಿದರೆ ಪಿನ್ ಹತ್ತಿರದ ಭಾಗ ಮೊದಲು ಒತ್ತುತ್ತದೆ, ಒತ್ತಡವೂ ಅಲ್ಲೇ ಜಾಸ್ತಿ. ತುದಿ ಇನ್ನೂ ಬಾಯಿ ತೆರೆದುಕೊಂಡೇ ಇರುತ್ತದೆ. ಅಂದರೆ ಹಿಡಿಯಬೇಕಾದ ಜಾಗದಲ್ಲಿ ಹಿಡಿತವಿಲ್ಲ, ಸುಮ್ಮನಿರಬೇಕಾದ ಜಾಗದಲ್ಲಿ ಜಜ್ಜುತ್ತಿದೆ.

ಈ ಲೆಕ್ಕ ತಲೆಯಲ್ಲಿದ್ದ ಕಾಲಕ್ಕೇ ಪಾಂಡವಪುರದ ಕಡೆ ಓಡಾಟವಿತ್ತು. ವಿ.ಸಿ. ನಾಲೆಯ ಗದ್ದೆಗಳಲ್ಲಿ ನಾಟಿಯಾದ ಮೇಲೆ ಬಾಯ್ಕಳಕ ಕೊಕ್ಕರೆಗಳು ಇಳಿಯುತ್ತವೆ, ರಂಗನತಿಟ್ಟಿನಲ್ಲೂ ಬೇಕಾದಷ್ಟಿವೆ. ಬಾಯಿ ಮುಚ್ಚಿದರೂ ಕೊಕ್ಕಿನ ನಡುವೆ ಸಂದು ಉಳಿಯುವ ಹಕ್ಕಿ ಇದು. ತುದಿ ಮಾತ್ರ ಕೂಡುತ್ತದೆ. ಮರಿಗೆ ಈ ಸಂದು ಇರುವುದಿಲ್ಲ, ಬೆಳೆಯುತ್ತಾ ಬರುತ್ತದೆ. ಆ ಸಂದಿನಲ್ಲಿ ಬಸವನ ಹುಳುವನ್ನು ಅಡಿಕೆಯ ಹಾಗೆ ಕತ್ತರಿಸುತ್ತದೆ ಎಂದು ಹಿಂದೆ ನಂಬಿದ್ದರು. ಹಾಗೇನೂ ಇಲ್ಲ. ಬೈನಾಕ್ಯುಲರ್‌ನಲ್ಲಿ ನೋಡಿ: ಚಿಪ್ಪನ್ನು ಮೇಲಿನ ಕೊಕ್ಕಿನಿಂದ ನೆಲಕ್ಕೆ ಒತ್ತಿಕೊಳ್ಳುತ್ತದೆ, ಕೆಳಗಿನ ಕೊಕ್ಕಿನ ಚೂಪು ತುದಿಯನ್ನು ಒಳಗೆ ತೂರಿಸುತ್ತದೆ, ತಲೆ ಅಲ್ಲಾಡಿಸುತ್ತಾ ಮಾಂಸ ಬಿಡಿಸಿಕೊಳ್ಳುತ್ತದೆ. ಚಿಪ್ಪು ಬಹುಮಟ್ಟಿಗೆ ಒಡೆಯದೆ ಗದ್ದೆಯಲ್ಲೇ ಬಿದ್ದಿರುತ್ತದೆ. ಕೊಕ್ಕಿನ ಅಂಚಿನಲ್ಲಿ ಸಣ್ಣ ಬ್ರಷ್ಷಿನಂಥ ರಚನೆಯೂ ಇದೆ, ನುಣುಪು ಚಿಪ್ಪು ಜಾರದಿರಲು ಅದು ಅನುಕೂಲ ಎನ್ನುತ್ತಾರೆ.

ನನಗೆ ಬೇಕಾಗಿದ್ದೂ ಅದೇ. ತುದಿ ಮೊದಲು ಕೂಡಬೇಕು, ಹಿಂದೆ ಸಂದು ಇರಬೇಕು.

ಹಕ್ಕಿಯ ಕೊಕ್ಕು ನೋಡಿ ಇಕ್ಕಳ ಮಾಡುವುದು ಹೊಸ ವಿಚಾರವೇನಲ್ಲ ಬಿಡಿ. ಸುಶ್ರುತ ಸಂಹಿತೆಯಲ್ಲಿ 101 ಯಂತ್ರಗಳ ಲೆಕ್ಕವಿದೆ, ಅದರಲ್ಲಿ 24 ಇಕ್ಕಳದಂಥವು. ಸಿಂಹಮುಖ, ವ್ಯಾಘ್ರಮುಖ, ಕಾಕಮುಖ ಎಂದೆಲ್ಲ ಹೆಸರು. ಎಲ್ಲದರಲ್ಲೂ ಕಂಕಮುಖವೇ ಮೇಲು, ಅಂದರೆ ಬಕದಂಥ ಹಕ್ಕಿಯ ಕೊಕ್ಕಿನದು. ಸಲೀಸಾಗಿ ಒಳಗೆ ಹೋಗುತ್ತದೆ, ಹಿಡಿದುಕೊಂಡು ಹಾಗೇ ಹೊರಗೆ ಬರುತ್ತದೆ ಎಂಬುದು ಅಲ್ಲಿ ಕೊಟ್ಟ ಕಾರಣ. ಈಗಲೂ ಆಪರೇಷನ್ ಥಿಯೇಟರ್‌ನಲ್ಲಿ ಸಿಸ್ಟರ್‌ಗಳು ಮಸ್ಕಿಟೋ, ಅಲಿಗೇಟರ್, ಬುಲ್‌ಡಾಗ್ ಎಂದೇ ಸಾಮಾನು ಕೇಳುತ್ತಾರೆ. ಸಂದಿನ ಉಪಾಯ ಕೂಡ ಕರುಳು ಹಿಡಿಯುವ ಬ್ಯಾಬ್‌ಕಾಕ್ ಫೋರ್ಸೆಪ್ಸ್ ಎಂಬ ಇಕ್ಕಳದಲ್ಲಿ ಆಗಲೇ ಇದೆ. ಆದರೆ 5 ಮಿಲಿಮೀಟರ್ ಕೊಳವೆಯಲ್ಲಿ ತೂರುವ ದವಡೆಗೆ ಅದನ್ನು ತರುವಾಗ ಸಂದು ಎಷ್ಟು, ಎಲ್ಲಿಂದ ಶುರು, ಎಂಬುದನ್ನು ನಾವೇ ಕಂಡುಕೊಳ್ಳಬೇಕು.

ಬಾಯ್ಕಳಕದ ಹಾಗೆ ಸಂದು ಬಿಟ್ಟ ದವಡೆಯನ್ನು 420 ಎಂಬ ಜಾತಿಯ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ವೈರ್‌ಕಟ್ ಮಾಡಿದೆವು, ಅಂದರೆ ತೆಳು ತಂತಿಯ ವಿದ್ಯುತ್ ಕಿಡಿಯಿಂದ ಕತ್ತರಿಸಿದೆವು. ಪರೀಕ್ಷೆಗೆ ಮಂಡಿ ಮೊಹಲ್ಲಾದ ಮಟನ್ ಅಂಗಡಿಯಿಂದ ಬೋಟಿ ತಂದೆವು. ನಮ್ಮ ಫಿಟ್ಟರ್ ಅಣ್ಣನಿಗೆ ಮೊದಲು ನಗು. "ಸಾರ್, ಉಳಿದಿದ್ದು ಮನೆಗೆ ತಗೊಂಡು ಹೋಗ್ಲಾ?" ಅಂದ. ಬೋಟಿಯನ್ನು ತೊಳೆದು ಉಪ್ಪುನೀರಿನಲ್ಲಿ ನೆನೆಸಿ, ಒಂದು ತುದಿಯನ್ನು ಲಗೇಜ್ ತೂಗುವ ಡಿಜಿಟಲ್ ತಕ್ಕಡಿಗೆ ಕಟ್ಟಿ, ಇನ್ನೊಂದು ತುದಿಯನ್ನು ದವಡೆಯಿಂದ ಹಿಡಿದು ಎಳೆಯುವುದು. ಎಷ್ಟು ಗ್ರಾಂಗೆ ಜಾರಿತು ಅಂತ ಬರೆದುಕೊಳ್ಳುವುದು. ಹಿಡಿಗೆ ಪ್ರತಿ ಸಲವೂ ಒಂದೇ ತೂಕದ ಬಟ್ಟು ನೇತು ಹಾಕುತ್ತಿದ್ದೆವು, ಇಲ್ಲದಿದ್ದರೆ ಕೈ ಬಲಕ್ಕೆ ತಕ್ಕಂತೆ ಲೆಕ್ಕ ಬದಲಾಗುತ್ತದೆ. ನಂತರ ಹಿಡಿದ ಜಾಗವನ್ನು ದೀಪಕ್ಕೆ ಅಡ್ಡ ಹಿಡಿದು ಭೂತಗನ್ನಡಿಯಲ್ಲಿ ನೋಡುವುದು. ಹಳೆಯ ದವಡೆಯಲ್ಲಿ ಪಿನ್ ಕಡೆಯ ಗುರುತು ತೆಳ್ಳಗೆ ಗಾಜಿನಂತೆ ಕಾಣುತ್ತಿತ್ತು, ಅಂದರೆ ಅಲ್ಲಿಯ ಪದರ ಹಿಸುಕಿಹೋಗಿದೆ. ಬಾಯ್ಕಳಕದ ದವಡೆಯಲ್ಲಿ ಆ ಭಾಗ ಚೆನ್ನಾಗಿಯೇ ಇತ್ತು. ತುದಿಯಲ್ಲಿ ಮಾತ್ರ ಸಣ್ಣ ಗುರುತು.

ಜಾರುವುದು ಮಾತ್ರ ನಿಲ್ಲಲಿಲ್ಲ. ಲೆಕ್ಕ ಸರಳ: ಹಿಡಿತವೆಲ್ಲ ತುದಿಗೆ ಬಂತು, ತುದಿ ಸಣ್ಣದು, ಬೋಟಿ ಒದ್ದೆ. ಹಕ್ಕಿಯ ಹಾಗೆ ಚೂಪು ತುದಿ ಕೊಡೋಣ ಅಂದರೆ ಕರುಳು ತೂತಾಗುತ್ತದೆ. ಹಕ್ಕಿಗೆ ಬಸವನ ಹುಳು ಬದುಕಬೇಕಾಗಿಲ್ಲ, ನಮಗೆ ರೋಗಿ ಬದುಕಬೇಕು.

ಇಲ್ಲಿ ಹಕ್ಕಿಯನ್ನು ಬಿಟ್ಟು ಕಪ್ಪೆ ಹಿಡಿದೆ. ಮಳೆಗಾಲದಲ್ಲಿ ಬಚ್ಚಲುಮನೆಯ ಒದ್ದೆ ಗೋಡೆಯ ಮೇಲೆ ಆರಾಮಾಗಿ ಕೂರುವ ಮರಗಪ್ಪೆ ನೋಡಿರುತ್ತೀರಿ. ಬೆರಳ ತುದಿಯ ಮೆತ್ತೆ ಕಣ್ಣಿಗೆ ನುಣ್ಣಗೆ ಕಾಣುತ್ತದೆ. ಮೈಕ್ರೋಸ್ಕೋಪಿನಲ್ಲಿ ಅದು ಆರು ಮೂಲೆಯ ಸಣ್ಣ ಸಣ್ಣ ಬಿಲ್ಲೆಗಳು, ಒಂದೊಂದು ಸುಮಾರು 10 ಮೈಕ್ರಾನ್, ಅಂದರೆ ಮಿಲಿಮೀಟರಿನ ನೂರನೇ ಒಂದು ಭಾಗ, ನಡುವೆ ಕಾಲುವೆ. ಒತ್ತಿದಾಗ ನೀರು ಕಾಲುವೆಗಳಲ್ಲಿ ಹರಿದುಹೋಗುತ್ತದೆ, ಬಿಲ್ಲೆ ಗೋಡೆಗೆ ತೀರಾ ಹತ್ತಿರ ಕೂರುತ್ತದೆ. ಚುಚ್ಚುವುದಿಲ್ಲ, ಪರಚುವುದಿಲ್ಲ. ಮರಗಪ್ಪೆ ಮಾದರಿಯ ಗ್ರಾಸ್ಪರ್ ಬಗ್ಗೆ ಚೀನಾದಲ್ಲಿ ಸಂಶೋಧನೆಯೂ ನಡೆದಿದೆ.

ಸಂಶೋಧನೆಯವರಿಗೂ ನಮ್ಮಂಥವರಿಗೂ ವ್ಯತ್ಯಾಸ ಗೊತ್ತಾಗುವುದು ಇಲ್ಲೇ. 10 ಮೈಕ್ರಾನ್ ಬಿಲ್ಲೆಯನ್ನು ಹೇಗೋ ಮಾಡಿಸಿದರೂ ಅದರ ಕಾಲುವೆಯಲ್ಲಿ ರಕ್ತ ಒಣಗಿದರೆ ತೆಗೆಯುವುದು ಹೇಗೆ? ಕಪ್ಪೆ ತನ್ನ ಚರ್ಮ ತಾನೇ ಕಳಚಿ ಹೊಸದು ಮಾಡಿಕೊಳ್ಳುತ್ತದೆ. ನಮ್ಮ ದವಡೆ ಬ್ರಷ್ ತಿನ್ನಬೇಕು, ಅಲ್ಟ್ರಾಸೋನಿಕ್ ತೊಟ್ಟಿಗೆ ಬೀಳಬೇಕು, ಆಮೇಲೆ ಹಬೆಯಲ್ಲಿ ರೋಗಾಣು ಕೊಲ್ಲುವ ಆಟೋಕ್ಲೇವ್‌ನಲ್ಲಿ 121 ಡಿಗ್ರಿಗೆ 15 ನಿಮಿಷವೋ 134 ಡಿಗ್ರಿಗೆ 3 ನಿಮಿಷವೋ ಬೇಯಬೇಕು, ಅದೂ ಪ್ರತಿ ಆಪರೇಷನ್ ಆದ ಮೇಲೂ. ಕೊಳೆ ಉಳಿದರೆ ಆಟೋಕ್ಲೇವ್ ಮಾಡಿಯೂ ಪ್ರಯೋಜನವಿಲ್ಲ, ಏಕೆಂದರೆ ಒಣಗಿದ ರಕ್ತದ ಅಡಿಗೆ ಆವಿ ಸರಿಯಾಗಿ ತಲುಪುವುದಿಲ್ಲ. ಪ್ರಕೃತಿಯಿಂದ ಕಲಿತ ಉಪಕರಣ ಅಂತ ಎಷ್ಟೋ ಚಂದದ ಚಿತ್ರಗಳು ಕಾಣಸಿಗುತ್ತವೆ. ನಾನು ಈಗ ಮೊದಲು ಕೇಳುವುದು ಒಂದೇ: ಇದನ್ನು ತೊಳೆಯುವವರು ಯಾರು, ಹೇಗೆ?

ಹಾಗಾಗಿ ಕಪ್ಪೆಯ ಅಳತೆ ಬಿಟ್ಟು ಕೆಲಸ ಮಾತ್ರ ಉಳಿಸಿಕೊಂಡೆವು. ಬಿಲ್ಲೆಗಳು ಬರಿಗಣ್ಣಿಗೆ ಕಾಣುವಷ್ಟು ದೊಡ್ಡವು, ಕಾಲುವೆ ಅಗಲ, ಆಳ ಕಡಿಮೆ, ತಳ ದುಂಡಗೆ, ಎಲ್ಲ ಕಾಲುವೆಯೂ ಅಂಚಿನವರೆಗೆ ಬಂದು ಹೊರಗೆ ತೆರೆಯುತ್ತದೆ. ಬ್ರಷ್ಷಿನ ಕೂದಲು ತಳ ಮುಟ್ಟಬೇಕು ಎಂಬುದೇ ಅಳತೆಗೋಲು. ತಾಮ್ರದ ಎಲೆಕ್ಟ್ರೋಡ್ ಮಾಡಿ, ವಿದ್ಯುತ್ ಕಿಡಿಯಿಂದ ಲೋಹ ಕೊರೆಯುವ ಇಡಿಎಂ ಯಂತ್ರದಲ್ಲಿ ಸುಟ್ಟೆವು. ಇಡಿಎಂ ಆದ ಮೇಲೆ ಮೇಲ್ಮೈಯಲ್ಲಿ ಕರಗಿ ಗಟ್ಟಿಯಾದ ತೆಳು ಪದರ ಉಳಿಯುತ್ತದೆ, ಅದರಲ್ಲಿ ಕೂದಲೆಳೆಯ ಬಿರುಕುಗಳಿರುತ್ತವೆ, ತುಕ್ಕು ಶುರುವಾಗುವುದೂ ಅಲ್ಲೇ. ದ್ರಾವಣದಲ್ಲಿ ಕರೆಂಟ್ ಹಾಯಿಸಿ ಮೇಲ್ಪದರ ಕರಗಿಸುವ ಎಲೆಕ್ಟ್ರೋಪಾಲಿಷ್ ಮಾಡಿಸಿ ಅದನ್ನು ತೆಗೆದು, ಆಮೇಲೆ ತುಕ್ಕು ಹಿಡಿಯದಂತೆ ಆಮ್ಲದಲ್ಲಿ ಅದ್ದುವ ಪ್ಯಾಸಿವೇಷನ್. ಪಾಲಿಷ್‌ನಲ್ಲಿ ಬಿಲ್ಲೆಯ ಅಂಚೂ ಮೆತ್ತಗಾಗುತ್ತದೆ, ಅದು ಲಾಭವೇ. ಬೋಟಿ ಮತ್ತೆ ತಕ್ಕಡಿಗೆ ಕಟ್ಟಿದಾಗ ಅದೇ ಬಟ್ಟಿಗೆ ಹಿಡಿತ ಎದ್ದು ಕಾಣುವಷ್ಟು ಹೆಚ್ಚಿತ್ತು, ಗುರುತು ಹೆಚ್ಚಿರಲಿಲ್ಲ. ಡಾಕ್ಟ್ರು ಕೂಡ ಅಂಗಡಿಗೇ ಬಂದು ಹಿಡಿದು ನೋಡಿ, ಏನೂ ಹೇಳದೆ ಇನ್ನೊಂದು ತುಂಡು ಬೋಟಿ ಕೇಳಿದರು.

ಇನ್ನು ಸವೆತದ ಹಳೆಯ ದೂರು. ಅದಕ್ಕೆ ದಾರಿ ಅತ್ತಿಹಣ್ಣಿನಲ್ಲಿದೆ. ಅತ್ತಿ ಬಿಚ್ಚಿದರೆ ಹುಳ ಅನ್ನುತ್ತಾರಲ್ಲ, ಆ ಹುಳದ ಜಾತಿಯದೇ ಒಂದು ಕಣಜ ಗಟ್ಟಿ ಅತ್ತಿಕಾಯನ್ನು ಕೂದಲಿನಷ್ಟು ತೆಳು ಕೊಂಡಿಯಿಂದ ಕೊರೆಯುತ್ತದೆ. ಆ ಕೊಂಡಿಯ ತುದಿಯ ಹಲ್ಲುಗಳಲ್ಲಿ ಸತು ಇದೆ ಎಂದು ಬೆಂಗಳೂರಿನ ಐಐಎಸ್‌ಸಿಯವರು 2014ರಲ್ಲಿ ತೋರಿಸಿದರು. ಗಟ್ಟಿ ಬೇಕಾದಲ್ಲಿ ಮಾತ್ರ ಗಟ್ಟಿ, ಉಳಿದದ್ದು ಬಾಗಬಲ್ಲದು. ಚಿನ್ನದ ಬಣ್ಣದ ಹಿಡಿ ಇರುವ, ಹೊಲಿಗೆಯ ಸೂಜಿ ಹಿಡಿಯುವ ನೀಡಲ್ ಹೋಲ್ಡರ್‌ಗಳಲ್ಲಿ ಟಂಗ್‌ಸ್ಟನ್ ಕಾರ್ಬೈಡ್ ತುಂಡು ಕೂರಿಸುವುದೂ ಇದೇ ಲೆಕ್ಕ. ನಮ್ಮ ದವಡೆಗೆ ಅಷ್ಟು ಬೇಕಿಲ್ಲ, ಪಿನ್ ತೂತಿಗೆ ಮಾತ್ರ ಗಟ್ಟಿ ಬುಷ್, ಅಂದರೆ ಒಳಬಳೆ, ಹಾಕಿದೆವು.

ಸದ್ಯ ಇದು ಟ್ರೇನಿಂಗ್ ಬಾಕ್ಸ್‌ನಲ್ಲಷ್ಟೇ ಇದೆ, ಕಲಿಯುವ ಡಾಕ್ಟರ್‌ಗಳು ಬಳಸುತ್ತಾರೆ. ರೋಗಿಯ ಮೇಲೆ ಹೋಗಬೇಕಾದರೆ 2017ರ ಮೆಡಿಕಲ್ ಡಿವೈಸಸ್ ರೂಲ್ಸ್ ಪ್ರಕಾರ ಕಾಗದಪತ್ರದ ಕೆಲಸ ಬೇರೆ ಇದೆ, ತೊಳೆದು ತೋರಿಸುವ ಪರೀಕ್ಷೆಯೂ ಅದರಲ್ಲಿ ಸೇರುತ್ತದೆ. ಕಲಿಯುವವರ ದೂರು ದವಡೆಯ ಮೇಲಲ್ಲ, ಹಿಡಿಯ ಮೇಲೆ. ಬೆರಳು ತೂರಿಸುವ ಉಂಗುರ ದೊಡ್ಡದಾಯಿತು, ಸಣ್ಣ ಕೈಯವರಿಗೆ ಹೆಬ್ಬೆರಳು ನೋಯುತ್ತದೆ ಎಂದು ಮೇಡಂ ಒಬ್ಬರು ಚೀಟಿ ಬರೆದು ಕಳಿಸಿದ್ದಾರೆ. ಅದಕ್ಕೆ ಯಾವ ಹಕ್ಕಿಯನ್ನೂ ಹುಡುಕಬೇಕಿಲ್ಲ, ಅವರ ಕೈ ಅಳತೆ ತೆಗೆದುಕೊಂಡು ಬಂದರೆ ಸಾಕು. ಈ ವಾರ ಅದೇ ಕೆಲಸ.